ರಟ್ಟಿನ ರೋಬೋಗಳ ಕಚೇರಿ

ಟೀವಿಯ ಹಾಸ್ಯ ಧಾರಾವಾಹಿಗಳಲ್ಲಿ ರೋಬೋಗಳು ಹಾಡಲು ನಿಂತವೆಂದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಕೂತುಬಿಡುವುದು ನನ್ನ ಹಳೇ ಚಟ. ಸಿನಿಮಾದ ರೋಬೋಗಳ ಮೇಲೆ ಅಷ್ಟು ಮೋಹವಿಲ್ಲ. ಅವು ಹಾರುತ್ತವೆ, ಊರು ಸುಡುತ್ತವೆ, ಕೋಟಿಗಟ್ಟಲೆ ಖರ್ಚಾಗಿದೆ ಎಂಬುದು ಕಣ್ಣಿಗೆ ರಾಚುತ್ತದೆ. ನನಗೆ ಬೇಕಾದದ್ದು ಬಡ ರೋಬೋ. ತಲೆಗೊಂದು ಡಬ್ಬಿ, ಎದೆಗೊಂದು ರಟ್ಟು, ಕೈಯಲ್ಲೊಂದು ಗಿಟಾರು. ಒಳಗೊಬ್ಬ ಮನುಷ್ಯ ಬೆವರುತ್ತಿದ್ದಾನೆಂದು ನೋಡುವವನಿಗೂ ಗೊತ್ತು, ಅದು ಗೊತ್ತೆಂದು ಒಳಗಿರುವವನಿಗೂ ಗೊತ್ತು. ಆದರೂ ಇಬ್ಬರೂ ಏನೂ ಅರಿಯದವರ ಹಾಗೆ ಗಂಭೀರವಾಗಿರಬೇಕು. ಅರ್ಧ ನಗು ಹುಟ್ಟುವುದೇ ಆ ಗಾಂಭೀರ್ಯದಲ್ಲಿ.

ಈ ಕುಲದಲ್ಲಿ ನನ್ನ ಮಟ್ಟಿಗೆ ಅಗ್ರಪೂಜೆ ಸಲ್ಲಬೇಕಾದದ್ದು ನ್ಯೂಜಿಲೆಂಡಿನ ಇಬ್ಬರಿಗೆ: ಬ್ರೆಟ್ ಮೆಕೆಂಜಿ ಮತ್ತು ಜೆಮೇನ್ ಕ್ಲೆಮೆಂಟ್. ವೆಲಿಂಗ್ಟನ್ನಿನಲ್ಲಿ ಓದುವ ಕಾಲಕ್ಕೆ ಜೊತೆಯಾದವರು. ‘ಫ್ಲೈಟ್ ಆಫ್ ದ ಕಾಂಕಾರ್ಡ್ಸ್’ ಎಂದು ಹೆಸರಿಟ್ಟುಕೊಂಡು 1998ರಿಂದ ಎರಡು ಗಿಟಾರು ಹಿಡಿದು ಜನರನ್ನು ನಗಿಸಿಕೊಂಡು ಬಂದರು. 2007ರ ಜೂನ್‌ನಲ್ಲಿ ಎಚ್‌ಬಿಒ ಚಾನೆಲ್ಲಿನಲ್ಲಿ ಅದೇ ಹೆಸರಿನ ಧಾರಾವಾಹಿ ಶುರುವಾಯಿತು. ನ್ಯೂಯಾರ್ಕಿಗೆ ಬಂದು ಅವಕಾಶಕ್ಕಾಗಿ ಅಲೆಯುವ ಇಬ್ಬರ ಬ್ಯಾಂಡು, ಬೆನ್ನು ಬಿಡದ ಒಬ್ಬಳೇ ಅಭಿಮಾನಿ, ಜೊತೆಗೆ ಮರ್ರೆ ಎಂಬ ಮ್ಯಾನೇಜರು. ಮರ್ರೆಗೆ ನ್ಯೂಜಿಲೆಂಡ್ ಕಾನ್ಸುಲೇಟಿನಲ್ಲಿ ನೌಕರಿ, ಬ್ಯಾಂಡಿನ ಮೀಟಿಂಗು ನಡೆಸುವುದೂ ಅಲ್ಲೇ. ಮೀಟಿಂಗು ಶುರುವಾಗುವ ಮುಂಚೆ ಹಾಜರಿ ಕೂಗುತ್ತಾನೆ. ಎದುರಿಗೆ ಕೂತಿರುವವರು ಇಬ್ಬರೇ. ಬ್ರೆಟ್? ಇದ್ದೇನೆ. ಜೆಮೇನ್? ಇದ್ದೇನೆ. ಆಮೇಲೆ ತನ್ನ ಹೆಸರನ್ನೂ ತಾನೇ ಕೂಗಿ, ಇದ್ದೇನೆ ಎಂದು ತಾನೇ ಉತ್ತರ ಕೊಟ್ಟು ಗುರುತು ಹಾಕಿಕೊಳ್ಳುತ್ತಾನೆ. ಸರ್ಕಾರಿ ಕಚೇರಿಯ ಬಾಗಿಲು ಕಂಡ ಯಾರಿಗಾದರೂ ಈ ಮನುಷ್ಯನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಮೊದಲ ಕಂತಿನಲ್ಲೇ ರೋಬೋಗಳು ಬರುತ್ತವೆ. ಒಂದು ಹಾಡಿನ ವಿಡಿಯೋ ಮಾಡಬೇಕು, ದುಡ್ಡಿಲ್ಲ. ಹುಡುಗರ ಕಣ್ಣಲ್ಲಿರುವುದು ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ. ಹೊಳೆಯುವ ಶಿರಸ್ತ್ರಾಣದೊಳಗೆ ಮುಖ ಮುಚ್ಚಿಕೊಂಡು, ತಾವು ರೋಬೋಗಳೇ ಎಂದು ಲೋಕವನ್ನು ನಂಬಿಸಿದವರು ಅವರು. ಮರ್ರೆಯ ಬಜೆಟ್ಟಿನಲ್ಲಿ ಗಿಟ್ಟಿದ್ದು ರಟ್ಟಿನ ವೇಷ. ಈ ಅವಮಾನವನ್ನು ನುಂಗಿಕೊಂಡು ಇಬ್ಬರೂ ಅದನ್ನು ತೊಟ್ಟು ನಿಲ್ಲುತ್ತಾರೆ. ಮನುಷ್ಯಕುಲ ನಿರ್ನಾಮವಾಗಿದೆ, ಇನ್ನು ಲೋಕ ಯಂತ್ರಗಳದ್ದು ಎಂದು ಸಾರುವ ಆ ಹಾಡನ್ನು ಹಾಡುವವರ ಮೈಮೇಲೆ ಗೋಂದು ಬಿಟ್ಟುಕೊಳ್ಳುವ ಅಂಚುಗಳು.

ಹಾಡಿನ ತಮಾಷೆಗಳನ್ನು ನಾನು ಎಷ್ಟು ಸಲ ಚಪ್ಪರಿಸಿದರೂ ರುಚಿ ತಗ್ಗಿಲ್ಲ. ಕಥೆ ನಡೆಯುವುದು ಬಹುದೂರದ ಭವಿಷ್ಯದಲ್ಲಿ, ಅಂದರೆ 2000ನೇ ಇಸವಿಯಲ್ಲಿ! ಟೀವಿಗೆ ಬರುವ ಹೊತ್ತಿಗೆ ಆ ಭವಿಷ್ಯ ಕಳೆದು ಏಳು ವರ್ಷ. ಮನುಷ್ಯರು ಸತ್ತಿದ್ದಾರೆಂಬುದಕ್ಕೆ ಪುರಾವೆ ಏನು? ಒಂದು ರೋಬೋ ಬೆರಳಲ್ಲಿ ತಿವಿದು ನೋಡಿದೆ, ಅಷ್ಟೇ. ಅವರ ಹತ್ತಿರ ಒಂದು ಮಾತು ಆಡಿ ನೋಡಬಹುದಿತ್ತಲ್ಲವೇ ಎಂದು ಇನ್ನೊಂದಕ್ಕೆ ತಡವಾಗಿ ಅನುಮಾನ. ಸತ್ತವರ ಹತ್ತಿರ ಏನು ಮಾತು ಎಂದು ಮೊದಲನೆಯದರ ಉತ್ತರ. ಲೋಕ ಗೆದ್ದ ಯಂತ್ರಗಳು ಒಂದೇ ಕೋಣೆ ಬಾಡಿಗೆಗೆ ಹಿಡಿದ ಬ್ರಹ್ಮಚಾರಿಗಳ ಮಟ್ಟಕ್ಕೆ ಇಳಿದು ಗೊಣಗಾಡುತ್ತವೆ. ಬ್ರೆಟ್ ಮತ್ತು ಜೆಮೇನ್ ಧಾರಾವಾಹಿಯಲ್ಲಿ ಇರುವುದೂ ಹಾಗೇ. ವೇಷದೊಳಗೆ ಪಾತ್ರ ಬದಲಾಗಿಲ್ಲ, ಧ್ವನಿಯೊಂದೇ ಬದಲಾಗಿರುವುದು.

ಆ ಧ್ವನಿಯ ವಿಚಾರಕ್ಕೆ ಬರಬೇಕು. ರೋಬೋ ದನಿಗೆಂದೇ ಯಂತ್ರಗಳಿವೆ. ವೋಕೋಡರ್ ಎಂಬುದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹೋಮರ್ ಡಡ್ಲಿ ಎಂಬ ಎಂಜಿನಿಯರ್ ದೂರವಾಣಿಯ ಸಂಶೋಧನೆಯಲ್ಲಿದ್ದಾಗ ಹುಟ್ಟಿದ್ದು, ಎಷ್ಟೋ ವರ್ಷಗಳ ಮೇಲೆ ಸಂಗೀತಗಾರರ ಕೈ ಸೇರಿದ್ದು. ಕಾಂಕಾರ್ಡ್ಸ್ ವೇದಿಕೆಯ ಮೇಲೆ ಇದೇ ಹಾಡನ್ನು ಬರೀ ಗಂಟಲಲ್ಲಿ ಹಾಡುತ್ತಾರೆ. ಸ್ವರವನ್ನು ಚಪ್ಪಟೆ ಮಾಡುವುದು, ವಾಕ್ಯದ ಕೊನೆಯಲ್ಲಿ ದನಿ ಏರದಂತೆಯೂ ಇಳಿಯದಂತೆಯೂ ನೋಡಿಕೊಳ್ಳುವುದು, ಎಲ್ಲ ಪದಕ್ಕೂ ಒಂದೇ ತೂಕ. ಕೇಳಿದರೆ ಸುಲಭ ಅನ್ನಿಸುತ್ತದೆ. ಸ್ನಾನದ ಮನೆಯಲ್ಲಿ ನಾನೂ ಪ್ರಯತ್ನಿಸುತ್ತಿರುತ್ತೇನೆ. ಎರಡನೆಯ ಸಾಲಿಗೇ ಎಲ್ಲಿಂದಲೋ ಒಂದು ಗಮಕ ನುಗ್ಗಿಬಿಡುತ್ತದೆ. ಉಸಿರೇ ನಮ್ಮ ಶತ್ರು. ಯಂತ್ರಕ್ಕೆ ಉಸಿರು ಬೇಡ, ಹಾಡುವವನಿಗೆ ಬೇಕು. ಆ ಕಳ್ಳ ಉಸಿರನ್ನು ಎಲ್ಲಿ ಎಳೆದುಕೊಂಡರು ಎಂದು ಕಿವಿಗೊಟ್ಟು ಹಿಡಿಯುವುದು ನನ್ನ ಖಾಸಗಿ ಸಂತೋಷ.

ನಡುವೆ ಒಂದು ಬೈನರಿ ಸೋಲೋ ಬರುತ್ತದೆ. ಬೇರೆ ಬ್ಯಾಂಡಿನಲ್ಲಾದರೆ ಗಿಟಾರಿನವನು ಕಣ್ಣುಮುಚ್ಚಿ ಮಿಂಚುವ ಜಾಗ ಅದು. ಇಲ್ಲಿ ಬರೀ ಸೊನ್ನೆ ಮತ್ತು ಒಂದು. ಸೊನ್ನೆಗಳ ಸಾಲು ಓಡಿ ಕೊನೆಗೆ ಒಂದು ಒಂದು. ಮರುಸಾಲಿನಲ್ಲಿ ಎರಡು ಒಂದು, ಆಮೇಲೆ ಮೂರು, ಹೀಗೆ ಬೆಳೆಯುತ್ತಾ ಹೋಗುತ್ತದೆ. ಕೊನ್ನಕ್ಕೋಲು ಕೇಳಿ ಬೆಳೆದ ಕಿವಿಗೆ ಇದು ಹಿಗ್ಗುತ್ತಾ ಹೋಗುವ ಯತಿ. ತೊಡೆಯ ಮೇಲೆ ಕೈ ತಾನಾಗಿ ತಾಳ ಹಾಕುತ್ತದೆ. ಕನ್ನಡದಲ್ಲಿ ಹಾಡಿ ನೋಡಿದೆ, ಕೆಟ್ಟುಹೋಯಿತು. ಸೊನ್ನೆಗೂ ಮೂರು ಮಾತ್ರೆ, ಒಂದಕ್ಕೂ ಮೂರು ಮಾತ್ರೆ, ಎಲ್ಲವೂ ಸಮಸಮವಾಗಿ ಕೂತು ಉತ್ಸಾಹ ರಗಳೆಯಾಗಿಬಿಟ್ಟಿತು. ಈ ಹಾಡಿನ ವೇದಿಕೆ ಆವೃತ್ತಿ ಇರುವ ‘ದ ಡಿಸ್ಟೆಂಟ್ ಫ್ಯೂಚರ್’ ಎಂಬ ಪುಟ್ಟ ಧ್ವನಿಮುದ್ರಿಕೆಗೆ 2008ರಲ್ಲಿ ಹಾಸ್ಯ ವಿಭಾಗದ ಗ್ರ್ಯಾಮಿ ಬಂತು.

ರಟ್ಟಿನ ವೇಷ ಎಷ್ಟು ದೊಡ್ಡ ನಟ ಎಂಬುದು ನನಗೆ ಅರ್ಥವಾದದ್ದು ತಂಗಿಯ ಮಗನಿಗೆ ಶಾಲೆಯ ಛದ್ಮವೇಷಕ್ಕೆಂದು ರೋಬೋ ಮಾಡಿಕೊಟ್ಟಾಗ. ಮಿಕ್ಸಿ ಬಂದಿದ್ದ ಡಬ್ಬ ತಲೆಗೆ, ಟೀವಿ ಬಂದಿದ್ದರ ಅರ್ಧ ಭಾಗ ಎದೆಗೆ, ಮೇಲೆ ಬೇಗಡೆ ಕಾಗದ, ತೋಳಿಗೆ ರಟ್ಟಿನ ಕೊಳವೆ. ಹೇಗೆ ನಡೆಯಬೇಕೆಂದು ಹುಡುಗನಿಗೆ ಹೇಳಿಕೊಡಲು ನಾನು ಸಿದ್ಧವಾಗಿ ನಿಂತಿದ್ದೆ; ಬೇಕಾಗಲೇ ಇಲ್ಲ. ಮೊಣಕೈ ಮಡಚಲು ಕೊಳವೆ ಬಿಡದು. ಕತ್ತು ತಿರುಗಿಸಿದರೆ ಡಬ್ಬ ತಿರುಗದೆ ಮೂಗೊಂದೇ ತಿರುಗುತ್ತದೆ, ಹಾಗಾಗಿ ಇಡೀ ಮೈಯನ್ನೇ ತಿರುಗಿಸಬೇಕು. ತೊಡೆಗೆ ಅಂಚು ಬಡಿಯುವುದರಿಂದ ಹೆಜ್ಜೆ ಗಿಡ್ಡ. ತೊಟ್ಟ ಮರುಕ್ಷಣ ಹುಡುಗ ರೋಬೋ ಆದ. ಅವತ್ತಿನಿಂದ ಕಾಂಕಾರ್ಡ್ಸ್ ವಿಡಿಯೋ ನೋಡುವಾಗೆಲ್ಲ ನನ್ನ ಕಣ್ಣು ಅವರ ಮೊಣಕೈ ಮೇಲೇ ಇರುತ್ತದೆ.

ಯಂತ್ರ ಹಾಡುವ ಪ್ರಸಂಗಗಳನ್ನು ಹುಡುಕಿ ಹುಡುಕಿ ನೋಡುವವನಿಗೆ ಒಂದು ವಿಷಯ ಕಾಣಿಸದೆ ಇರದು: ಅದು ಕೆಟ್ಟಾಗಲೇ ಚೆನ್ನಾಗಿ ಹಾಡುತ್ತದೆ. 1961ರಲ್ಲಿ ಅದೇ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ ಕಂಪ್ಯೂಟರೊಂದು ‘ಡೈಸಿ ಬೆಲ್’ ಎಂಬ ಹಳೆಯ ಪ್ರೇಮಗೀತೆ ಹಾಡಿತು. ಇಬ್ಬರು ಕೂರುವ ಸೈಕಲ್ಲಿನ ಹಾಡು ಅದು. ಅಲ್ಲಿಗೆ ಹೋಗಿ ಅದನ್ನು ಕೇಳಿದ್ದ ಲೇಖಕ ಆರ್ಥರ್ ಕ್ಲಾರ್ಕ್, 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಹಾಲ್ ಎಂಬ ಕಂಪ್ಯೂಟರಿನ ಬಾಯಲ್ಲಿ ಅದೇ ಹಾಡನ್ನು ಹಾಕಿಸಿದರು. ಹಾಲ್ ಹಾಡುವುದು ಯಾವಾಗ? ಅದರ ಸ್ಮೃತಿಯ ತುಂಡುಗಳನ್ನು ಒಂದೊಂದಾಗಿ ಕಳಚುತ್ತಿರುವಾಗ. ದನಿ ಕುಗ್ಗಿ, ನಿಧಾನವಾಗಿ, ಸೊರಗಿ ನಿಂತುಹೋಗುತ್ತದೆ. ಕುತ್ತಿಗೆಗೆ ಬಂದಾಗ ಕೊಲೆಗಡುಕ ಯಂತ್ರಕ್ಕೂ ಹಾಡೇ ಗತಿ.

ಹಾಸ್ಯದವರು ಇದೇ ಸಂಗತಿಯನ್ನು ಮಗುಚಿ ಹಾಕಿದರು. ‘ಫ್ಯೂಚರಾಮಾ’ ಎಂಬ ಕಾರ್ಟೂನ್ ಧಾರಾವಾಹಿಯ 2001ರ ಒಂದು ಕಂತಿನಲ್ಲಿ ಬೆಂಡರ್ ಎಂಬ ಕುಡುಕ ರೋಬೋ ದೈತ್ಯಾಕಾರದ ಡಬ್ಬಿ ತೆರೆಯುವ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಗುತ್ತಾನೆ. ಕುತ್ತಿಗೆಯಿಂದ ಕೆಳಕ್ಕೆ ಮೈ ಮುದುರಿ ತಗಡಾಗಿರುತ್ತದೆ. ಆಗ ಅವನಿಗೆ ಸಿಗುವುದು ಗಾಜಿನ ಜಾಡಿಯಲ್ಲಿ ಜೀವಂತವಾಗಿರುವ ಗಾಯಕ ಬೆಕ್‌ನ ತಲೆ. ದನಿ ಕೊಟ್ಟವನು ಸ್ವತಃ ಬೆಕ್. ಅವನು ಕೊಟ್ಟ ಪುಟ್ಟ ಕೈಗಳಿಂದ ಬೆಂಡರ್ ತನ್ನ ಸುಕ್ಕುಗಟ್ಟಿದ ಎದೆಯನ್ನೇ ಗೀರಿ ನುಡಿಸುತ್ತಾನೆ. ಅಮೆರಿಕದ ಜಾನಪದ ಬ್ಯಾಂಡುಗಳಲ್ಲಿ ಬಟ್ಟೆ ಒಗೆಯುವ ಏಣುಏಣಿನ ತಗಡನ್ನು ವಾದ್ಯವಾಗಿ ನುಡಿಸುವ ರೂಢಿ ಇದೆ. ಇಲ್ಲಿ ತಗಡೂ ಅವನೇ, ವಾದಕನೂ ಅವನೇ. ಕೆಟ್ಟ ರೋಬೋಗಳ ಕಷ್ಟ ಹಾಡಿ ಹೆಸರು ಮಾಡುತ್ತಾನೆ, ಆಮೇಲೆ ಮೈ ಸರಿಹೋದಾಗ ಅದನ್ನು ಮುಚ್ಚಿಡಬೇಕಾಗುತ್ತದೆ. ಏಕೆಂದರೆ ಅಂಥ ರೋಬೋಗಳ ಸಹಾಯಾರ್ಥ ದೊಡ್ಡ ಕಾರ್ಯಕ್ರಮ ಗೊತ್ತಾಗಿದೆ, ಗುಣವಾದ ಗಾಯಕ ಯಾರಿಗೆ ಬೇಕು? ಅದೇ ವೇದಿಕೆಗೆ ಸೈಲಾನ್ ಅಂಡ್ ಗಾರ್ಫಂಕಲ್ ಎಂಬ ಜೋಡಿಯೂ ಬರುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಚಿಕ್ಕ ತಮಾಷೆ, ಆದರೆ ರೋಬೋ ಬ್ಯಾಂಡುಗಳ ನನ್ನ ಪಟ್ಟಿಯಲ್ಲಿ ಅದಕ್ಕೆ ಖಾಯಂ ಸ್ಥಾನ.

ನಗಿಸಲೆಂದು ಹೊರಡದ ರೋಬೋ ಬ್ಯಾಂಡುಗಳೂ ಇವೆ. ಜರ್ಮನಿಯ ಡಸೆಲ್‌ಡಾರ್ಫಿನ ಕ್ರಾಫ್ಟ್‌ವರ್ಕ್ 1978ರಲ್ಲಿ ‘ದ ಮ್ಯಾನ್ ಮಷೀನ್’ ತಂದಾಗ ನಾಲ್ವರೂ ಕೆಂಪಂಗಿ, ಕಪ್ಪು ಟೈ ತೊಟ್ಟು ನಿಂತರು. ಆಮೇಲೆ ತಮ್ಮ ಬದಲು ತಮ್ಮದೇ ಮುಖದ ಬೊಂಬೆಗಳನ್ನು ವೇದಿಕೆಯಲ್ಲಿ ನಿಲ್ಲಿಸುವ ಮಟ್ಟಕ್ಕೂ ಹೋದರು. ಅವರ ಮುಖದಲ್ಲೂ ಒಂದು ಒಳನಗೆ ಇದೆ ಎಂದೇ ನನ್ನ ವಾದ, ಒಪ್ಪದವರು ಬಹಳ. ಬರ್ಲಿನ್ನಿನ ಕಂಪ್ರೆಸರ್‌ಹೆಡ್ ಅಂತೂ ಅಪ್ಪಟ ಲೋಹ. ಗುಜರಿ ಸಾಮಾನಿನಿಂದ ಕಟ್ಟಿದ ಆ ರೋಬೋಗಳು ನಿಜವಾದ ಗಿಟಾರು, ನಿಜವಾದ ಡ್ರಮ್ಮು ನುಡಿಸುತ್ತವೆ. ಡ್ರಮ್ಮಿನವನಿಗೆ ನಾಲ್ಕು ಕೈ. ಮೊದಲ ಹಾಡಿಗೆ ಬಾಯಿ ಬಿಟ್ಟುಕೊಂಡು ನೋಡಿದೆ. ಮೂರನೆಯದರ ಹೊತ್ತಿಗೆ ಕಾಫಿ ಮಾಡಿಕೊಳ್ಳಲು ಎದ್ದೆ. ಒಳಗೆ ಯಾರೂ ಬೆವರುತ್ತಿಲ್ಲವಲ್ಲ.

ಕಾಂಕಾರ್ಡ್ಸ್ ಹಾಡಿನಲ್ಲಿ ಇನ್ನೊಂದು ವಿಷಯ ಇತ್ಯರ್ಥವಾಗದೆ ಉಳಿದಿದೆ. ಯಂತ್ರಗಳ ಆಳ್ವಿಕೆಯಲ್ಲಿ ಒಂದೇ ಬಗೆಯ ನೃತ್ಯ, ಅದು ರೋಬೋ ನೃತ್ಯ ಎಂದು ಘೋಷಿಸಿದ ಮೇಲೆ, ಮರೆತಿದ್ದವರ ಹಾಗೆ ರೋಬೋ ಬೂಗಿ ಎಂಬ ಎರಡನೆಯದನ್ನೂ ಸೇರಿಸುತ್ತಾರೆ. ಎರಡಕ್ಕೂ ವ್ಯತ್ಯಾಸವೇನು? ಬೂಗಿಯಲ್ಲಿ ಸೊಂಟ ಕುಣಿಯಬೇಕು ಎಂದು ತಂಗಿಯ ಮಗ. ಡಬ್ಬದೊಳಗೆ ಸೊಂಟ ಹೇಗೆ ಕುಣಿದೀತು ಎಂದು ನಾನು. ಅವನೀಗ ಎತ್ತರ ಬೆಳೆದಿದ್ದಾನೆ, ತೋರಿಸಬೇಕೆಂದರೆ ಫ್ರಿಜ್ಜಿನ ಡಬ್ಬವೇ ಬೇಕಂತೆ.