ಖಾಲಿ ಬಿಟ್ಟ ಒಂದು ಕಾಲಂ

ಎಂಟನೇ ತರಗತಿಯ ಘರ್ಷಣೆ ಪಾಠದಲ್ಲಿ ಚಪ್ಪಲಿಯ ಅಟ್ಟೆ ಸವೆಯುವ ವಿಷಯ ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಬೋಧನಾಭ್ಯಾಸದಲ್ಲಿ ಈ ಘಟಕ ನನ್ನ ಪಾಲಿಗೆ ಬಂದಾಗ, ಸವೆತಕ್ಕೇ ಎರಡು ಅವಧಿ ಮೀಸಲಿಟ್ಟೆ. ಆಯ್ದುಕೊಂಡ ವಸ್ತು, ಹಳೆಯ ಟೈರಿನ ಪುಡಿ ಬೆರೆಸಿದ ಎಪಾಕ್ಸಿ.

ಪ್ಲಾಸ್ಟಿಕ್ ಬಕೆಟ್ಟನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಬಹುದು, ಟೈರನ್ನು ಹಾಗೆ ಮಾಡಲಾಗದು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಲ್ಕನೀಕರಣದಲ್ಲಿ ಗಂಧಕವು ರಬ್ಬರಿನ ಉದ್ದನೆಯ ಸರಪಳಿಗಳ ನಡುವೆ ಅಡ್ಡಸೇತುವೆ ಕಟ್ಟುತ್ತದೆ. ಟೈರಿಗೆ ಬಾಳಿಕೆ ಕೊಡುವುದೂ ಆ ಸೇತುವೆಗಳೇ, ಕರಗಲು ಬಿಡದಿರುವುದೂ ಅವೇ. ಹಾಗಾಗಿ ಪುಡಿ ಮಾಡಿ ಇನ್ನೊಂದು ಪಾಲಿಮರ್‌ಗೆ ಬೆರೆಸುವುದು ಮರುಬಳಕೆಯ ಒಂದು ದಾರಿ.

ಟೈರ್ ರೀಟ್ರೆಡಿಂಗ್ ಅಂಗಡಿಯಿಂದ ಪುಡಿ ತಂದು ಜರಡಿ ಹಿಡಿದೆ. ರಬ್ಬರ್ ಇಲ್ಲದ್ದು, ತೂಕದಲ್ಲಿ ಶೇ. 10 ಇರುವುದು, ಶೇ. 20 ಇರುವುದು ಎಂದು ಮೂರು ಬಗೆಯ ತುಂಡುಗಳನ್ನು ಎರಡು ದಿನ ಮೊದಲೇ ಎರಕ ಹೊಯ್ದೆ. ದ್ರವ ಎಪಾಕ್ಸಿ ಮತ್ತು ಹಾರ್ಡನರ್ ಚರ್ಮಕ್ಕೆ ಒಳ್ಳೆಯದಲ್ಲ. ಆ ಕೆಲಸವನ್ನು ಕೈಗವಸು ಹಾಕಿ ನಾವೇ ಮಾಡಿ, ಮಕ್ಕಳ ಕೈಗೆ ಗಟ್ಟಿಯಾದ ತುಂಡನ್ನಷ್ಟೇ ಕೊಡಬೇಕು.

ಪ್ರಯೋಗಾಲಯಗಳಲ್ಲಿ ಇದಕ್ಕೆ ಪಿನ್-ಆನ್-ಡಿಸ್ಕ್ ಯಂತ್ರವಿರುತ್ತದೆ. ತಿರುಗುವ ತಟ್ಟೆಗೆ ಮಾದರಿಯನ್ನು ಗೊತ್ತಾದ ಭಾರದಿಂದ ಒತ್ತಿ, ಮೊದಲು ಮತ್ತು ನಂತರ ತೂಗುತ್ತಾರೆ. ನಮ್ಮಲ್ಲಿದ್ದದ್ದು ಮರಳು ಕಾಗದ, 500 ಗ್ರಾಂ ತೂಕದ ಬಟ್ಟು, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ. 20 ಸೆಂ.ಮೀ.ನಂತೆ 100 ಬಾರಿ ಎಳೆದರೆ 20 ಮೀಟರ್. ಭಾರ ಸುಮಾರು 5 ನ್ಯೂಟನ್. ಗುಣಿಸಿದರೆ 100. ಕಳೆದ ತೂಕವನ್ನು ಸಾಂದ್ರತೆಯಿಂದ ಭಾಗಿಸಿದರೆ ಸವೆದ ಗಾತ್ರ, ಅದನ್ನು 100ರಿಂದ ಭಾಗಿಸಿದರೆ ಸವೆತದ ದರ. ಲೆಕ್ಕ ಮಕ್ಕಳಿಗೆ ಭಾರವಾಗಲಿಲ್ಲ.

ಪಾಠ ಯೋಜನೆಯ ನಮೂನೆಯಲ್ಲಿ ‘ನಿರೀಕ್ಷಿತ ತೀರ್ಮಾನ’ ಎಂಬ ಕಾಲಂ ಇದೆ. ‘ತ್ಯಾಜ್ಯ ರಬ್ಬರ್ ಸೇರಿಸಿದರೆ ಸವೆತ ಕಡಿಮೆ’ ಎಂದು ಬರೆದಿದ್ದರೆ ಕಸದಿಂದ ರಸ ಎಂಬ ನೀತಿಯೊಂದಿಗೆ ಪಾಠ ಚೆಂದವಾಗಿ ಮುಗಿಯುತ್ತಿತ್ತು. ನಾನು ಅದನ್ನು ಖಾಲಿ ಬಿಟ್ಟೆ. ವೀಕ್ಷಣೆಗೆ ಬಂದ ಉಪನ್ಯಾಸಕರು ಕಾರಣ ಕೇಳಿದರು. ಮೆದುವಾದ ರಬ್ಬರ್ ಕಣ ಪೆಡಸಾದ ಎಪಾಕ್ಸಿಯಲ್ಲಿ ಬಿರುಕು ಹರಡದಂತೆ ತಡೆಯಬಲ್ಲದು. ಆದರೆ ಅದೇ ಕಣಕ್ಕೆ ಎಪಾಕ್ಸಿಯ ಹಿಡಿತ ಸಾಲದಿದ್ದರೆ ಕಿತ್ತುಬಂದು ಕುಳಿ ಬೀಳುತ್ತದೆ, ಸವೆತ ಹೆಚ್ಚುತ್ತದೆ. ಯಾವುದು ಮೇಲುಗೈ ಎಂಬುದು ರಬ್ಬರಿನ ಪ್ರಮಾಣ, ಕಣದ ಅಳತೆ, ಭಾರ, ವೇಗ, ಎದುರಿನ ಮೇಲ್ಮೈ ಇವುಗಳನ್ನು ಅವಲಂಬಿಸಿದೆ ಎಂದೆ.

ತರಗತಿಯಲ್ಲಿ ಮೂರು ಗುಂಪುಗಳ ಕೋಷ್ಟಕಗಳು ಒಂದೇ ಕ್ರಮ ತೋರಿಸಲಿಲ್ಲ. ‘ಯಾರದ್ದು ಸರಿ ಮಿಸ್?’ ಎಂದು ಎಲ್ಲರೂ ನನ್ನತ್ತ ನೋಡಿದರು. ಉತ್ತರ ಹೇಳದೆ, ಯಾರು ಹೇಗೆ ಉಜ್ಜಿದಿರಿ ಎಂದು ಕೇಳಿದೆ. ಒಂದು ಗುಂಪು ಮೂರು ತುಂಡುಗಳಿಗೂ ಒಂದೇ ಮರಳು ಕಾಗದ ಬಳಸಿತ್ತು. ಇನ್ನೊಂದರಲ್ಲಿ ಹುಡುಗನೊಬ್ಬ ಬಟ್ಟಿನ ಮೇಲೆ ಕೈಯನ್ನೂ ಒತ್ತಿದ್ದ. ಇದನ್ನೆಲ್ಲ ಮಕ್ಕಳೇ ಪತ್ತೆ ಹಚ್ಚಿ ಕಪ್ಪುಹಲಗೆಯ ಮೇಲೆ ನಿಯಮ ಬರೆದರು: ಪ್ರತಿ ತುಂಡಿಗೆ ಹೊಸ ಕಾಗದ, ಕೈ ಒತ್ತಬಾರದು, ಎಳೆಯುವವರು ಬದಲಾಗಬಾರದು.

ವೀಕ್ಷಣಾ ಪುಸ್ತಕದಲ್ಲಿ ‘ಸಮಾರೋಪ ಅಪೂರ್ಣ’ ಎಂಬ ಟಿಪ್ಪಣಿ ಬಂತು. ನಮೂನೆಯ ಪ್ರಕಾರ ಅದು ನಿಜ. ಆದರೆ ಮರುದಿನದ ಅವಧಿಯಲ್ಲಿ ಮತ್ತೆ ಅಳೆದ ಮೇಲೆ ಮಕ್ಕಳ ವಾಕ್ಯಗಳು ‘ಈ ಕಾಗದದ ಮೇಲೆ, ಈ ಭಾರಕ್ಕೆ, ಇಷ್ಟು ದೂರ ಉಜ್ಜಿದಾಗ’ ಎಂದು ಶುರುವಾದವು. ಸವೆತದ ಬಗ್ಗೆ ಷರತ್ತಿಲ್ಲದೆ ಹೇಳಬಹುದಾದ್ದು ಬಹಳ ಕಡಿಮೆ. ಆ ಷರತ್ತನ್ನು ಮೊದಲೇ ನಾನು ಬರೆದುಕೊಟ್ಟಿದ್ದರೆ ಅವರು ನಕಲು ಮಾಡುತ್ತಿದ್ದರಷ್ಟೆ. ಇಂಥ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳು ಎರಡನೇ ಅವಧಿಯನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳಿತು.