ಎಟ್ನಾದ ಮಗ್ಗುಲಲ್ಲಿ ಬ್ರೊಂಟೆ

ಸಿಸಿಲಿ ದ್ವೀಪದ ಎಟ್ನಾ ಪರ್ವತವನ್ನು ಸುತ್ತುವ ರೈಲು ತೀರ ಪುಟ್ಟದು. ಹಳಿ ನಮ್ಮ ಹಳೆಯ ಮೀಟರ್ ಗೇಜಿಗಿಂತಲೂ ತುಸು ಕಿರಿದು. ಕಟಾನಿಯಾದ ಕಡೆಯಿಂದ ಹೊರಟು ಪರ್ವತದ ಪಶ್ಚಿಮದ ಮಗ್ಗುಲಿಗೆ ಬಂದ ಮೇಲೆ ಕಿಟಕಿಯಾಚೆ ಬರೀ ಕಪ್ಪು. ಶತಮಾನಗಳ ಹಿಂದೆ ಕುದಿದು ಹರಿದ ಲಾವಾ ಹೆಪ್ಪುಗಟ್ಟಿ, ಒಡೆದು, ಕಣ್ಣು ಹಾಯುವಷ್ಟು ದೂರ ಬಂಡೆಯಾಗಿ ಬಿದ್ದಿದೆ. ಆ ಬಂಡೆಯ ಬಿರುಕುಗಳಲ್ಲೇ ಬೇರೂರಿ ಪಿಸ್ತಾ ಮರಗಳು ನಿಂತಿವೆ. ಡೊಂಕು ಕಾಂಡ, ಬೂದು ತೊಗಟೆ, ಗೊಂಚಲು ಗೊಂಚಲು ಕಾಯಿ. ಎರಡು ವರ್ಷಕ್ಕೊಂದೇ ಫಸಲು. ಯಂತ್ರ ಇಳಿಯಲಾರದ ನೆಲವಾದ್ದರಿಂದ ಕೊಯ್ಲೆಲ್ಲ ಕೈಯಿಂದಲೇ. ಜಗತ್ತಿನ ಅತ್ಯುತ್ತಮ ಪಿಸ್ತಾ ಎಂದು ಹೆಸರಾದದ್ದು ಇದೇ ಬ್ರೊಂಟೆ ಊರಿನದು.

ನಾನು ಹೋದದ್ದು ಮಾತ್ರ ಪಿಸ್ತಾಕ್ಕಾಗಿ ಅಲ್ಲ. ಇಟಲಿ ಒಂದು ದೇಶವಾಗುವ ಹೊತ್ತಿನಲ್ಲಿ ಬಡವನ ಆಸೆಗೆ ಏನಾಯಿತೆಂಬುದನ್ನು ಈ ಊರಿನಷ್ಟು ಸ್ಪಷ್ಟವಾಗಿ ಹೇಳುವ ಜಾಗ ಇನ್ನೊಂದಿಲ್ಲ.

1799ರಲ್ಲಿ ನೇಪಲ್ಸ್ ಮತ್ತು ಸಿಸಿಲಿಯ ದೊರೆ ಫರ್ಡಿನೆಂಡ್, ಕ್ರಾಂತಿಯಿಂದ ತನ್ನನ್ನು ಪಾರುಮಾಡಿದ ಇಂಗ್ಲೆಂಡಿನ ನೌಕಾ ಸೇನಾನಿ ನೆಲ್ಸನ್‌ಗೆ ಬ್ರೊಂಟೆಯನ್ನು ಜಹಗೀರಾಗಿ ಬರೆದುಕೊಟ್ಟ. ನೆಲ್ಸನ್ ಒಮ್ಮೆಯೂ ಇಲ್ಲಿಗೆ ಕಾಲಿಡಲಿಲ್ಲ. ಆದರೆ ಊರವರು ಸೌದೆ ಆಯುತ್ತಿದ್ದ ಕಾಡಿಗೂ ಕುರಿ ಬಿಡುತ್ತಿದ್ದ ಗೋಮಾಳಕ್ಕೂ ದೂರದ ಇಂಗ್ಲಿಷ್ ಮನೆತನ ಒಡೆಯನಾಯಿತು. ಊರು ದಶಕಗಳ ಕಾಲ ಕೋರ್ಟಿಗೆ ಅಲೆಯಿತು.

1860ರ ಮೇ 11ರಂದು, ಇಟಲಿಯ ಏಕೀಕರಣಕ್ಕಾಗಿ ಹೋರಾಡುತ್ತಿದ್ದ ಸೇನಾನಿ ಗ್ಯಾರಿಬಾಲ್ಡಿ ಸುಮಾರು ಸಾವಿರ ಮಂದಿ ಕೆಂಪಂಗಿಯವರೊಡನೆ ಸಿಸಿಲಿಯ ಮಾರ್ಸಾಲಾ ಬಂದರಿನಲ್ಲಿ ಇಳಿದ. ಇಳಿದ ಕೆಲವೇ ದಿನಗಳಲ್ಲಿ, ಧಾನ್ಯ ಬೀಸಿಸುವುದಕ್ಕೆ ತೆರಬೇಕಿದ್ದ ತೆರಿಗೆಯನ್ನು ರದ್ದು ಮಾಡಿದ. ಜೂನ್ 2ರಂದು ಇನ್ನೊಂದು ಆಜ್ಞೆ ಹೊರಟಿತು: ದೇಶಕ್ಕಾಗಿ ಹೋರಾಡಿದವರಿಗೆ ಊರಿನ ಸಾಮುದಾಯಿಕ ಭೂಮಿಯಲ್ಲಿ ಪಾಲು. ಬ್ರೊಂಟೆಯ ಕೂಲಿಕಾರ ಆ ಮಾತನ್ನು ನಂಬಿದ. ನಿಕೊಲೊ ಲೊಂಬಾರ್ಡೊ ಎಂಬ ವಕೀಲ ಅವರ ಪರ ನಿಂತ. ದಿನಗಳು ಉರುಳಿದವು, ಭೂಮಿ ಮಾತ್ರ ಹಂಚಿಕೆಯಾಗಲಿಲ್ಲ. ಆಗಸ್ಟ್ 2ರ ಹೊತ್ತಿಗೆ ತಾಳ್ಮೆ ಒಡೆಯಿತು. ಮನೆಗಳು, ಸಿರಿವಂತರ ಕ್ಲಬ್ಬು, ಕಡತಗಳ ಕೋಣೆ ಬೆಂಕಿಗೆ ಬಿದ್ದವು. ಹದಿನಾರು ಜನ ಸತ್ತರು. ಕೊಲೆಗಳು ಭೀಕರವಾಗಿದ್ದವು, ಅದನ್ನು ಮುಚ್ಚಿಡಬೇಕಿಲ್ಲ. ಗುಂಪು ಲೊಂಬಾರ್ಡೊನ ಕೈಮೀರಿ ಹೋಗಿತ್ತು.

ಆಗ ಬಂದವನು ಗ್ಯಾರಿಬಾಲ್ಡಿಯ ಬಲಗೈ ಜನರಲ್ ನಿನೊ ಬಿಕ್ಸಿಯೊ. ಸಿಸಿಲಿಯಿಂದ ಜಲಸಂಧಿ ದಾಟಿ ಇಟಲಿಯ ಮುಖ್ಯಭೂಮಿಗೆ ಹೋಗಬೇಕಿದ್ದ ಸೇನೆಗೆ ಬೆನ್ನ ಹಿಂದೆ ದಂಗೆ ಬೇಡವಾಗಿತ್ತು. ನೆಲ್ಸನ್ ಆಸ್ತಿಯನ್ನು ಕಾಪಾಡಿ ಎಂದು ಬ್ರಿಟಿಷ್ ಕಾನ್ಸುಲ್ ಒತ್ತಡ ಬೇರೆ. ವಿಚಾರಣೆ ಕೆಲವೇ ಗಂಟೆಗಳಲ್ಲಿ ಮುಗಿಯಿತು. ಆಗಸ್ಟ್ 10ರ ಬೆಳಗ್ಗೆ ಸಾನ್ ವಿತೊ ಇಗರ್ಜಿಯ ಮುಂದಿನ ಚೌಕದಲ್ಲಿ ಐವರನ್ನು ಗುಂಡಿಟ್ಟು ಕೊಂದರು. ತಾನಾಗಿಯೇ ಎದುರು ಬಂದು ನಿಂತಿದ್ದ ಲೊಂಬಾರ್ಡೊ ಅವರಲ್ಲೊಬ್ಬ. ಇನ್ನೊಬ್ಬ ನುಂಜಿಯೊ ಚಿರಾಲ್ಡೊ ಫ್ರಾಯುಂಕೊ, ತಗಡಿನ ತುತ್ತೂರಿ ಊದಿಕೊಂಡು ಬೀದಿ ಸುತ್ತುತ್ತಿದ್ದ ಬುದ್ಧಿಭ್ರಮಣೆಯವನು. ಮೊದಲ ಸುತ್ತಿನ ಗುಂಡು ಅವನಿಗೆ ತಾಗಲಿಲ್ಲವಂತೆ. ದೇವರೇ ಉಳಿಸಿದನೆಂದು ಮೊಣಕಾಲೂರಿ ಅಳುತ್ತಿದ್ದವನ ತಲೆಗೆ ಮತ್ತೆ ಗುಂಡಿಟ್ಟರಂತೆ.

ಆ ಚೌಕ ಚಿಕ್ಕದು. ಬೆಟ್ಟದ ಏರಿನಲ್ಲಿ ಬಿಗಿಯಾದ ಮನೆಗಳು, ಒಗೆದು ಹಾಕಿದ ಬಟ್ಟೆ, ಲಾವಾ ಕಲ್ಲಿನ ಮೆಟ್ಟಿಲು, ಸರಳವಾದ ಇಗರ್ಜಿ. ಒಂದು ಸ್ಮಾರಕವೂ ಇದೆ. ಕೆಳಗಿನ ಮುಖ್ಯ ಬೀದಿಗೆ ಮಾತ್ರ ಹೆಸರು ಕೊಟ್ಟವನು ಇಟಲಿಯ ಎರಡನೆಯ ದೊರೆ ಉಂಬೆರ್ಟೊ.

ಮುಂದೆ ನಡೆದದ್ದು ಬ್ರೊಂಟೆಯೊಂದರ ಕಥೆಯಲ್ಲ. 1860ರ ಅಕ್ಟೋಬರಿನ ಜನಮತಗಣನೆಯಲ್ಲಿ ಸಿಸಿಲಿ 4,32,053 ಮತಗಳಿಂದ ಏಕೀಕರಣಕ್ಕೆ ಹೂಂ ಅಂದಿತು. ಬೇಡ ಅಂದವು 667. ಮುಂದಿನ ವರ್ಷ ಮಾರ್ಚ್ 17ರಂದು ತುರಿನ್‌ನಲ್ಲಿ ಇಟಲಿ ರಾಜ್ಯದ ಘೋಷಣೆಯಾಯಿತು. ಆ ರಾಜ್ಯದ ಸಂಸತ್ತಿಗೆ ಮತ ಹಾಕಬೇಕಾದರೆ ಓದುಬರಹ ಬರಬೇಕು, 40 ಲೀರಾ ತೆರಿಗೆ ಕಟ್ಟುವವನಾಗಿರಬೇಕು. ನೂರಕ್ಕೆ ಎಪ್ಪತ್ತೈದು ಮಂದಿ ಅನಕ್ಷರಸ್ಥರಾಗಿದ್ದ ನಾಡಿನಲ್ಲಿ ಮತದಾರರು ನೂರಕ್ಕೆ ಇಬ್ಬರು. ಹೂಂ ಅನ್ನುವುದಕ್ಕೆ ಬೇಕಾಗಿದ್ದ ಜನ ಆಳುವುದಕ್ಕೆ ಬೇಡವಾದರು.

ಸಿಸಿಲಿಯವರು ಕಂಡರಿಯದ ಕಡ್ಡಾಯ ಸೈನ್ಯಸೇವೆ ಬಂತು. ಮಗನನ್ನು ಕಳಿಸಲೊಲ್ಲದ ಮನೆಗಳಿಂದ ಹುಡುಗರು ಬೆಟ್ಟ ಹತ್ತಿದರು. 1866ರಲ್ಲಿ ಪಲೆರ್ಮೊ ನಗರವೇ ವಾರಕ್ಕೂ ಮೀರಿ ದಂಗೆ ಎದ್ದಿತು. ಇಗರ್ಜಿಯ ಭೂಮಿಯನ್ನು ಸರ್ಕಾರ ವಶಮಾಡಿಕೊಂಡು ಹರಾಜಿಗಿಟ್ಟಾಗ ಕೊಂಡವರು ಹೆಚ್ಚಾಗಿ ಕಾಸಿದ್ದವರೇ. ಯುದ್ಧದ ಸಾಲ ತೀರಿಸಲು, 1869ರ ಜನವರಿಯಿಂದ ಬೀಸುವ ತೆರಿಗೆ ಮತ್ತೆ ಬಂತು. ಗ್ಯಾರಿಬಾಲ್ಡಿ ತೆಗೆದುಹಾಕಿದ್ದ ಅದೇ ತೆರಿಗೆ, ಈಗ ಇಡೀ ದೇಶಕ್ಕೆ! ಕ್ವಿಂಟಲ್ ಗೋಧಿಗೆ 2 ಲೀರಾ. ಬೀಸುವ ಕಲ್ಲು ಎಷ್ಟು ಸುತ್ತು ಸುತ್ತಿತೆಂದು ಎಣಿಸುವ ಯಂತ್ರವನ್ನು ಗಿರಣಿಗಿರಣಿಗೂ ಕೂರಿಸಿದರು. ಹೊಟ್ಟೆಯ ಮೇಲೆ ಹೊಡೆದಂತಾಗಿ, ಉತ್ತರದ ಎಮಿಲಿಯಾ ಸೀಮೆಯ ರೈತರೂ ಬೀದಿಗಿಳಿದರು. ಆ ಗಲಭೆಗಳಲ್ಲಿ ಸತ್ತವರು 250ಕ್ಕೂ ಹೆಚ್ಚು. ಖಜಾನೆಯ ಲೆಕ್ಕ ಸರಿತೂಗಿತು, ನಿಜ. ಆದರೆ ತೂಗಿಸಿದ್ದು ರೊಟ್ಟಿಯಿಂದ.

ಉಳಿದ ದಾರಿ ಹಡಗು. 1876ರಿಂದ 1915ರ ನಡುವೆ ಸುಮಾರು 1 ಕೋಟಿ 40 ಲಕ್ಷ ಜನ ಇಟಲಿ ಬಿಟ್ಟು ಹೋದರು. ಯಾವ ದೇಶಕ್ಕಾಗಿ ಅವರ ಅಪ್ಪಂದಿರು ಹೂಂ ಅಂದಿದ್ದರೋ ಆ ದೇಶದಲ್ಲಿ ಅವರಿಗೆ ಗದ್ದೆಯಿರಲಿಲ್ಲ.

ಬ್ರೊಂಟೆಯಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ ನೆಲ್ಸನ್ ಜಹಗೀರಿನ ಮನಿಯಾಚೆ ಕೋಟೆಯಿದೆ. ಹನ್ನೆರಡನೆಯ ಶತಮಾನದ ಮಠ, ಕೆತ್ತನೆಯ ಬಾಗಿಲು, ಇಂಗ್ಲಿಷ್ ಮಾದರಿಯ ತೋಟ. ಅಂಗಳದಲ್ಲಿ ಲಾವಾ ಕಲ್ಲಿನ ಶಿಲುಬೆ, ನೆಲ್ಸನ್ ನೆನಪಿಗೆ. ಎಲ್ಲವೂ ಚೆಂದ, ಎಲ್ಲವೂ ಓರಣ. 1860ರಲ್ಲೇ ಭೂಮಿಯ ಪಾಲಿನ ಮಾತು ಕೇಳಿದ್ದ ಸಿಸಿಲಿಯಲ್ಲಿ ಭೂಸುಧಾರಣೆಯ ಕಾನೂನು ಬಂದದ್ದು 1950ರಲ್ಲಿ. ನೆಲ್ಸನ್ ವಾರಸುದಾರರು ಈ ಕೋಟೆಯನ್ನು ಬ್ರೊಂಟೆ ಪುರಸಭೆಗೆ ಮಾರಿದ್ದು 1981ರಲ್ಲಿ. ಕೋಟೆ ನೋಡಲು ಹೋಗುವವರಿಗೆ ನನ್ನದೊಂದು ವಿನಂತಿ: ಮೊದಲು ಸಾನ್ ವಿತೊ ಚೌಕಕ್ಕೆ ಹೋಗಿ, ಆಮೇಲೆ ಇಲ್ಲಿಗೆ ಬನ್ನಿ.