ಆರು ಇಸ್ಪೀಟಿನ ಸವಾಲು

ಬ್ರಿಜ್ ಆಟದಲ್ಲಿ ಮೊದಲ ಎಲೆ ಬೀಳುವ ಮುನ್ನವೇ ಅರ್ಧ ಯುದ್ಧ ಮುಗಿದಿರುತ್ತದೆ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು, ಇಂಥವು ಹದಿಮೂರು. ಅವುಗಳಲ್ಲಿ ಎಷ್ಟನ್ನು ಗೆಲ್ಲುವೆವೆಂದು ಸರದಿಯಂತೆ ಸವಾಲು ಕೂಗಬೇಕು. ಜೊತೆಗಾರನ ಎಲೆಯೇ ಕಾಣದು. ಎದುರಾಳಿಗಳದು ಕಾಣುವುದೆಲ್ಲಿ ಬಂತು! ಹೀಗೆ ಕತ್ತಲೆಯಲ್ಲಿ ಕೂಗಿದ ಸವಾಲನ್ನು, ಎಲೆಗಳೆಲ್ಲ ಅಂಗಾತ ಬಿದ್ದಮೇಲೆ ಬೆಳಕಿನಲ್ಲಿ ವಿಚಾರಣೆಗೆ ಎಳೆಯುವುದು ಆಟಗಾರರ ಹಳೆಯ ಚಾಳಿ.

ಅರಸೀಕೆರೆಯ ನಮ್ಮ ಭಾನುವಾರದ ಮೇಳದಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರೂ ಕೊಬ್ಬರಿ ಮಂಡಿಯ ಸಾಹುಕಾರರೂ ಒಂದು ಜೋಡಿ; ನಾನು, ನನ್ನ ಭಾವಮೈದುನ ಇನ್ನೊಂದು. ಅವರಿಬ್ಬರದು ಮೂವತ್ತು ವರ್ಷಗಳ ಸ್ನೇಹ. ಒಂದು ದಿನ ಮಾಸ್ತರರು ಆರು ಇಸ್ಪೀಟು ಕೂಗಿದರು. ಹನ್ನೆರಡು ಪಟ್ಟು ಬೇಕಿತ್ತು, ಹನ್ನೊಂದು ಬಂದವು.

“ನಾಲ್ಕಕ್ಕೇ ನಿಂತಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಮಾಸ್ತರೇ? ಇನ್ನು ನಾನು ನಿಮ್ಮೆದುರು ಕೂಡುವವನಲ್ಲ,” ಎಂದು ಸಾಹುಕಾರರು ಕಾಫಿಯನ್ನೂ ಮುಟ್ಟದೆ ಎದ್ದುಹೋದರು. ಎರಡು ಭಾನುವಾರ ಅವರ ಸುಳಿವಿಲ್ಲ. “ರಟ್ಟಿನ ರಾಜರಿಗಾಗಿ ಸ್ನೇಹ ಕೆಡಿಸಿಕೊಂಡರೇ?” ಎಂದು ನನ್ನಾಕೆ ಮರುಗಿದಳು. ನ್ಯಾಯ ಹೇಳುವ ಹೊಣೆ ನನ್ನ ತಲೆಗೆ ಬಂತು. ಮಂಡಿಗೇ ಹೋದೆ.

ಈಸ್ಲಿ ಬ್ಲಾಕ್‌ವುಡ್ 1933ರಲ್ಲಿ ರೂಪಿಸಿದ ಪದ್ಧತಿಯಂತೆ ಮಾಸ್ತರರು “ನಾಲ್ಕು ನೋ ಟ್ರಂಪ್” ಎಂದು ಎಕ್ಕಗಳನ್ನು ವಿಚಾರಿಸಿದ್ದರು. “ಐದು ಆಟೀನು” ಎಂದು ಸಾಹುಕಾರರೇ ಎರಡಿವೆಯೆಂದು ತಿಳಿಸಿದ್ದರು. ಅದಕ್ಕೆ ಮೊದಲೇ ಹನ್ನೆರಡು ಅಂಕದ ಬಲವನ್ನೂ ಸಾರಿದ್ದರು. ಎರಡು ಎಕ್ಕಗಳಿಗೆ ಎಂಟು ಕಳೆದರೆ ಉಳಿದ ನಾಲ್ಕು ಎಲ್ಲಿಯೋ ಇರಲೇಬೇಕಲ್ಲ? ಇದ್ದವು, ಎರಡು ರಾಣಿಯರಾಗಿ. ಆಟೀನು, ಕಳಾವರಗಳ ರಾಜರಲ್ಲಿ ಒಬ್ಬನಾದರೂ ಸಾಹುಕಾರರ ಎಕ್ಕ-ರಾಣಿಗಿಂತ ಮುಂಚೆ ಎಲೆ ಹಾಕುವ ಭಾವಮೈದುನನ ಕೈಯಲ್ಲಿದ್ದರೆ ಸಾಕಿತ್ತು. ನಾಲ್ಕು ಸಲಕ್ಕೆ ಸುಮಾರು ಮೂರು ಸಲ ಹಾಗೆಯೇ ಇರುತ್ತದೆ. ಅಂದು ಇಬ್ಬರು ರಾಜರೂ ನನ್ನ ಕೈಯಲ್ಲಿದ್ದರು. ಅದು ನನ್ನ ಜಾಣತನವಂತೂ ಅಲ್ಲ.

ನಾವು ಹಿಡಿದ ಡೂಪ್ಲಿಕೇಟ್ ಲೆಕ್ಕದಲ್ಲಿ ಆರು ಗೆದ್ದರೆ 980, ನಾಲ್ಕು ಕೂಗಿ ಅಷ್ಟೇ ಪಟ್ಟು ತಂದರೆ 480; ಲಾಭ 500. ಆರು ಸೋತರೆ 50 ದಂಡ, ನಾಲ್ಕಕ್ಕೆ ನಿಂತು ಹನ್ನೊಂದು ತಂದಿದ್ದರೆ 450, ನಷ್ಟವೂ 500. ಗೆಲುವಿನ ಸಂಭವ ಅರ್ಧವಿದ್ದರೂ ಸವಾಲು ಕೂಗತಕ್ಕದ್ದೇ.

“ಲೆಕ್ಕ ಸರಿ ಮೇಷ್ಟ್ರೇ, ಪಟ್ಟು ಬರಲಿಲ್ಲವಲ್ಲ!” ಎಂದರು ಸಾಹುಕಾರರು.

“ನೀವು ಕೊಬ್ಬರಿ ಕೊಂಡ ಮರುದಿನ ದರ ಇಳಿದರೆ, ಕೊಂಡ ದಿನದ ವರ್ತಮಾನ ನೋಡುತ್ತೀರೋ, ಇಳಿದ ದಿನದ್ದೋ?”

ಅವರು ಉತ್ತರ ಕೊಡಲಿಲ್ಲ. ಆದರೆ ಮೂರನೆಯ ಭಾನುವಾರ ಹಳೇಬೀಡಿಗೆ ಹೊರಡೋಣವೆಂದಾಗ, ಮಾಸ್ತರರೂ ಬರುವರೆಂದು ತಿಳಿದೂ ಒಪ್ಪಿದರು. ಬಾಣಾವರ, ಜಾವಗಲ್ಲುಗಳ ದಾರಿಯುದ್ದಕ್ಕೂ ಇಬ್ಬರೂ ಬಸ್ಸಿನ ಎರಡು ತುದಿಗಳಲ್ಲಿದ್ದರು.

ಹೊಯ್ಸಳೇಶ್ವರನ ಗುಡಿಯ ಜಗತಿಯ ಮೇಲೆ ಸಾಹುಕಾರರು ನನ್ನನ್ನು ಹಿಡಿದರು. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಾಗ ಮೂರನೆಯ ಬಲ್ಲಾಳನು ಪಾಂಡ್ಯರ ದಾಯಾದಿ ಜಗಳದಲ್ಲಿ ಲಾಭವರಸಿ ತೆಂಕಣಕ್ಕೆ ಹೋಗಿದ್ದ. ಓಡಿಬಂದು ಸಂಧಿ ಬೇಡಿ ಭಂಡಾರ ಒಪ್ಪಿಸಿದ. “ಇವನ ಸವಾಲೂ ಸರಿಯೇನು?”

ಸರಿಯಲ್ಲವೆಂದೆ. ಭಂಡಾರ ಹೋಯಿತೆಂದಲ್ಲ. 1296ರಲ್ಲಿ ದೇವಗಿರಿ, 1310ರಲ್ಲಿ ಓರಂಗಲ್ಲು: ಎದುರಾಳಿ ಎರಡು ಸಲ ಗಟ್ಟಿಯಾಗಿ ಕೂಗಿದ್ದನ್ನು ಕೇಳಿಯೂ ಅವನು ತನ್ನ ಎಲೆಗಳನ್ನಷ್ಟೇ ಎಣಿಸಿದ.

“ಅನ್ಯಾಯ!” ಎಂದರು, ಅದುವರೆಗೂ ಮೌನವಾಗಿದ್ದ ಮಾಸ್ತರರು. “ಓರಂಗಲ್ಲಿನಿಂದ ಕಾಫೂರ ದೆಹಲಿಗೆ ಮರಳಿದ್ದನಲ್ಲ! ವರುಷದೊಳಗೆ ಮತ್ತೆ ಇಷ್ಟು ದೂರ ಬಂದಾನೆಂದು ಯಾರು ಎಣಿಸಿಯಾರು?”

“ನೀವೊಬ್ಬರು ಎಣಿಸುತ್ತಿರಲಿಲ್ಲ, ಮಾಸ್ತರೇ,” ಎಂದು ಸಾಹುಕಾರರು ಅವರತ್ತ ತಿರುಗಿದರು.

ಬೇಲೂರಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು ಹಿಡಿದರು. ಚೆನ್ನಕೇಶವನ ಗೋಪುರ ಕಾಣುವವರೆಗೂ ಬಲ್ಲಾಳನ ವ್ಯಾಜ್ಯ ನಡೆದೇ ಇತ್ತು. ನಾನು ಹಿಂದೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದೆ.